ಲಕ್ಷ ಕೋಟಿ ವಹಿವಾಟು, 51 ಕೋಟಿ ಲಾಭ: ಮಂಗಳೂರು ರಿಫೈನರಿಯ ಲೆಕ್ಕವನ್ನು ಓದುವ ಬಗೆ

ಪ್ರಶ್ನೆ: ನಾನು ಸುರತ್ಕಲ್‌ನವನು. ಇಲ್ಲಿನ ತೈಲ ಸಂಸ್ಕರಣಾ ಕಂಪನಿ ಮಂಗಳೂರು ರಿಫೈನರಿಯ (ಎಂಆರ್‌ಪಿಎಲ್) ಕೆಲವು ಷೇರುಗಳು ನನ್ನಲ್ಲಿವೆ. 2023-24ರಲ್ಲಿ ಮೂರೂವರೆ ಸಾವಿರ ಕೋಟಿಗೂ ಮಿಕ್ಕಿ ಲಾಭ ತೋರಿಸಿದ ಕಂಪನಿ ಮರುವರ್ಷ ಬರೀ 51 ಕೋಟಿ ಎಂದಿತು. ವಹಿವಾಟು ಮಾತ್ರ ಎರಡೂ ವರ್ಷ ಲಕ್ಷ ಕೋಟಿಯ ಮೇಲೆಯೇ ಇದೆ. ಇದು ಹೇಗೆ ಸಾಧ್ಯ? ಸರ್ಕಾರದ ಬೊಕ್ಕಸಕ್ಕೆ ಸಾವಿರಾರು ಕೋಟಿಯ ಕೊಡುಗೆ ಎಂಬ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು? ನಮ್ಮ ಜಿಲ್ಲೆಗೂ ರಾಜ್ಯಕ್ಕೂ ಇದರಿಂದ ನಿಜವಾಗಿ ಸಿಗುವುದೇನು?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆಗಳಾದರೂ ಮೂರಕ್ಕೂ ಬುಡ ಒಂದೇ. ರಿಫೈನರಿಯೊಂದರ ಲೆಕ್ಕಪತ್ರದಲ್ಲಿ ಕಾಣುವ ಅತಿ ದೊಡ್ಡ ಅಂಕಿಗಳು ಆ ರಿಫೈನರಿಯ ಸ್ವಂತದ್ದಲ್ಲ, ಅದರ ಮೂಲಕ ಹಾದುಹೋಗುವ ಹಣ. ಇದನ್ನು ಒಮ್ಮೆ ಮನಗಂಡರೆ ವಹಿವಾಟಿನ ಒಗಟೂ ಬಿಡಿಸಿಕೊಳ್ಳುತ್ತದೆ, ಕೊಡುಗೆಯ ಮಾತಿಗೂ ಸರಿಯಾದ ತೂಕ ಸಿಗುತ್ತದೆ.

ಭತ್ತ ಕೊಂಡು ಕುಚ್ಚಲಕ್ಕಿ ಮಾಡಿ ಮಾರುವ ಮಿಲ್ಲಿನವರನ್ನು ನಿಮ್ಮೂರಿನ ಕಡೆ ನೋಡಿರುತ್ತೀರಿ. ವರ್ಷಕ್ಕೆ ಐದು ಕೋಟಿಯ ಅಕ್ಕಿ ಮಾರಿದೆ ಎಂದು ಅವರು ಹೇಳಿದರೆ ಆ ಐದು ಕೋಟಿ ಅವರ ಸಂಪಾದನೆಯಲ್ಲ, ಅದರ ಬಹುಪಾಲು ಭತ್ತ ಕೊಟ್ಟವರಿಗೆ ಸಂದ ದುಡ್ಡು. ಭತ್ತದ ದರಕ್ಕೂ ಅಕ್ಕಿ, ತೌಡು, ಹೊಟ್ಟಿಗೆ ಒಟ್ಟಾಗಿ ಬಂದ ದರಕ್ಕೂ ನಡುವೆ ಉಳಿಯುವ ಅಂತರದಲ್ಲಿಯೇ ಅವರು ಕೂಲಿ ಕೊಡಬೇಕು, ಕರೆಂಟ್ ಬಿಲ್ ಕಟ್ಟಬೇಕು, ಬ್ಯಾಂಕಿನ ಬಡ್ಡಿ ತೀರಿಸಬೇಕು. ಆಮೇಲೆ ಮಿಕ್ಕಿದ್ದು ಲಾಭ. ರಿಫೈನರಿಯಲ್ಲಿ ಈ ಅಂತರಕ್ಕೆ ಒಟ್ಟು ಸಂಸ್ಕರಣಾ ಲಾಭಾಂತರ ಎಂದು ಹೆಸರು. ಕಸುಬಿನವರು ಜಿಆರ್‌ಎಂ ಎಂದಷ್ಟೇ ಅನ್ನುತ್ತಾರೆ. ಪ್ರತಿ ಬ್ಯಾರೆಲ್ ಕಚ್ಚಾ ತೈಲಕ್ಕೆ ಇಷ್ಟು ಡಾಲರ್ ಎಂದು ಇದನ್ನು ಅಳೆಯುತ್ತಾರೆ. ಎಂಆರ್‌ಪಿಎಲ್‌ನ ಭವಿಷ್ಯ ಓದಲು ಒಂದೇ ಒಂದು ಅಂಕಿ ಕೊಡಿ ಎಂದು ಯಾರಾದರೂ ಕೇಳಿದರೆ ನಾನು ಕೊಡುವುದು ಇದನ್ನೇ.

ಈಗ ನೀವು ಕೇಳಿದ ಎರಡು ವರ್ಷಗಳನ್ನು ಪಕ್ಕಪಕ್ಕ ಇಡೋಣ. 2023-24ರಲ್ಲಿ ಕಂಪನಿ ಸುಮಾರು 1.66 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸಿತು. ಬ್ಯಾರೆಲ್‌ಗೆ ಸಿಕ್ಕ ಅಂತರ 10.36 ಡಾಲರ್, ವಹಿವಾಟು ಸುಮಾರು 1.05 ಲಕ್ಷ ಕೋಟಿ ರೂಪಾಯಿ. ನಿವ್ವಳ ಲಾಭ 3,596 ಕೋಟಿ. 2024-25ರಲ್ಲಿ ಸಂಸ್ಕರಿಸಿದ ತೈಲ ಸುಮಾರು 1.8 ಕೋಟಿ ಟನ್‌ಗೆ ಏರಿತು, ಅಂದರೆ 1.5 ಕೋಟಿ ಟನ್‌ನ ನಿಗದಿತ ಸಾಮರ್ಥ್ಯವನ್ನೂ ಮೀರಿ ಕಂಪನಿಯ ಇತಿಹಾಸದಲ್ಲೇ ಅತಿ ಹೆಚ್ಚು, ವಹಿವಾಟೂ 1.09 ಲಕ್ಷ ಕೋಟಿಯ ಹತ್ತಿರಕ್ಕೆ ಹೋಯಿತು. ಆದರೆ ಅಂತರ 4.45 ಡಾಲರ್‌ಗೆ ಕುಸಿಯಿತು, ನಿವ್ವಳ ಲಾಭ 51 ಕೋಟಿಗೆ ನಿಂತಿತು. ಎಂದೂ ದುಡಿಯದಷ್ಟು ದುಡಿದ ವರ್ಷವೇ ಕೈಗೆ ಏನೂ ಹತ್ತದ ವರ್ಷವಾಯಿತು.

ಬಾಯಿಲೆಕ್ಕದಲ್ಲೇ ಇದನ್ನು ತಾಳೆ ನೋಡಬಹುದು. ಒಂದು ಟನ್ನಿಗೆ ಸುಮಾರು 7.3 ಬ್ಯಾರೆಲ್ ಎಂದರೆ 1.8 ಕೋಟಿ ಟನ್ನಿಗೆ 13 ಕೋಟಿ ಬ್ಯಾರೆಲ್‌ಗೂ ಸ್ವಲ್ಪ ಹೆಚ್ಚು. ಬ್ಯಾರೆಲ್‌ಗೆ ಒಂದೇ ಒಂದು ಡಾಲರ್ ಅಂತರ ಕಡಿಮೆಯಾದರೆ ವರ್ಷಕ್ಕೆ 13 ಕೋಟಿ ಡಾಲರ್, ಅಂದರೆ ಸುಮಾರು 1,100 ಕೋಟಿ ರೂಪಾಯಿ ಹೋಯಿತು. ಎರಡು ವರ್ಷಗಳ ಪೂರ್ಣ ಅಂತರವನ್ನು ಹೀಗೆಯೇ ಗುಣಿಸಿ ನೋಡಿದರೆ, ಮೊದಲ ವರ್ಷ ಹತ್ತು ಸಾವಿರ ಕೋಟಿಗೂ ಹೆಚ್ಚು, ಎರಡನೆಯ ವರ್ಷ ಐದು ಸಾವಿರ ಕೋಟಿಯ ಆಸುಪಾಸು ಎಂದು ನನ್ನ ಅಂದಾಜು ಬರುತ್ತದೆ. ಖರ್ಚುಗಳಿಗೆ ಈ ಏರಿಳಿತ ಗೊತ್ತಿಲ್ಲ. ಯಂತ್ರ ಕಟ್ಟಡಗಳು ಸವೆಯುವುದಕ್ಕೆಂದು ತೆಗೆದಿಡುವ ಸವಕಳಿ ಮತ್ತು ಸಾಲದ ಬಡ್ಡಿ ಇವೆರಡೇ ಸೇರಿ ವರ್ಷಕ್ಕೆ ಎರಡು ಸಾವಿರ ಕೋಟಿ ಮೀರುತ್ತವೆ. ಸಂಬಳ, ದುರಸ್ತಿ, ರಾಸಾಯನಿಕ, ವಿದ್ಯುತ್ತು ಇವೆಲ್ಲ ಬೇರೆ. ಐದು ಸಾವಿರ ಕೋಟಿ ಬಂದರೂ ಅಷ್ಟೂ ಮನೆಖರ್ಚಿಗೇ ಹೋಗಿಬಿಡುತ್ತದೆ.

ಈ ಅಂತರ ಏಕೆ ಇಷ್ಟು ಕುಣಿಯುತ್ತದೆ ಎಂಬುದು ನಿಮ್ಮ ಮುಂದಿನ ಪ್ರಶ್ನೆಯಾಗಿರಬಹುದು. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ, ಎರಡೂ ಕಂಪನಿಯ ಕೈಯಲ್ಲಿಲ್ಲ. ಒಂದು, ಡೀಸೆಲ್, ಪೆಟ್ರೋಲ್, ವಿಮಾನ ಇಂಧನಗಳಿಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಸಿಗುವ ದರ ಕಚ್ಚಾ ತೈಲದ ದರದ ಜೊತೆಗೇ ನಡೆಯುವುದಿಲ್ಲ. ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನಲ್ಲಿ ಡೀಸೆಲ್‌ಗೆ ಹಾಹಾಕಾರವೆದ್ದಾಗ ಕಚ್ಚಾ ತೈಲಕ್ಕಿಂತ ಡೀಸೆಲ್ ಎಷ್ಟೋ ಪಾಲು ಜಿಗಿಯಿತು. ಹೊಸ ರಿಫೈನರಿಗಳು ಬಂದು ಬೇಡಿಕೆ ತಣ್ಣಗಾದಾಗ ಆ ಜಿಗಿತ ಇಳಿಯಿತು. ಎರಡು, ದಾಸ್ತಾನಿನ ಲೆಕ್ಕ. ಕೊಲ್ಲಿ ದೇಶಗಳಿಂದ ಹಡಗಿನಲ್ಲಿ ಬಂದ ತೈಲ ಟ್ಯಾಂಕಿಗೆ ಇಳಿದು, ಕಾಯ್ದು, ಸಂಸ್ಕರಣೆಯಾಗಿ, ಮಾರಾಟವಾಗುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. 85 ಡಾಲರ್‌ಗೆ ಕೊಂಡ ತೈಲದಿಂದ ತೆಗೆದ ಡೀಸೆಲನ್ನು ಮಾರುವ ದಿನ ಕಚ್ಚಾ ತೈಲ 75ಕ್ಕೆ ಇಳಿದಿದ್ದರೆ, ಆ ಹತ್ತು ಡಾಲರ್ ಪೆಟ್ಟು ಪೂರ್ತಿಯಾಗಿ ರಿಫೈನರಿಯ ಮೇಲೆಯೇ ಬೀಳುತ್ತದೆ. ಮಾರುಕಟ್ಟೆ ಏರುತ್ತಿರುವಾಗ ಇದೇ ಯಂತ್ರ ತಿರುಗುಮುರುಗಾಗಿ, ಏನೂ ಮಾಡದೆಯೇ ಲಾಭ ಬಂದಂತೆ ಕಾಣುತ್ತದೆ.

2022-23ನ್ನು ತ್ರೈಮಾಸಿಕವಾಗಿ ಬಿಡಿಸಿ ನೋಡಿದರೆ ಇದು ಕಣ್ಣಿಗೇ ಕಟ್ಟುತ್ತದೆ. ಏಪ್ರಿಲ್–ಜೂನ್‌ನಲ್ಲಿ 2,707 ಕೋಟಿ ಲಾಭ. ಜುಲೈ–ಸೆಪ್ಟೆಂಬರ್‌ನಲ್ಲಿ 1,789 ಕೋಟಿ ನಷ್ಟ. ಮುಂದಿನ ಮೂರು ತಿಂಗಳು 188 ಕೋಟಿ ನಷ್ಟ. ಕೊನೆಯ ಮೂರು ತಿಂಗಳು ಮತ್ತೆ 1,908 ಕೋಟಿ ಲಾಭ. ಆ ವರ್ಷದ ಒಟ್ಟು ಲಾಭ 2,638 ಕೋಟಿ ಎಂದು ಓದಿದವರಿಗೆ ನಡುವಿನ ಈ ಕಂದಕ ಕಾಣುವುದೇ ಇಲ್ಲ. ಅದೇ 2022ರ ಜುಲೈ 1ರಂದು ಕೇಂದ್ರ ಸರ್ಕಾರ ರಫ್ತಾಗುವ ಪೆಟ್ರೋಲಿಗೆ ಲೀಟರಿಗೆ 6 ರೂಪಾಯಿ, ಡೀಸೆಲಿಗೆ 13 ರೂಪಾಯಿ ವಿಶೇಷ ಸುಂಕ ಹಾಕಿತು ಎಂಬುದನ್ನೂ ಇಲ್ಲಿ ನೆನಪಿಡಬೇಕು. ಅನಿರೀಕ್ಷಿತ ಲಾಭದ ಮೇಲಿನ ತೆರಿಗೆ ಎಂದು ಹೆಸರಾದ ಈ ಸುಂಕ ಹಲವು ಬಾರಿ ಏರಿಳಿದು 2024ರ ಡಿಸೆಂಬರ್‌ನಲ್ಲಿ ರದ್ದಾಯಿತು. ಲಾಭ ಉಕ್ಕಿದಾಗ ಕೆನೆ ತೆಗೆದುಕೊಳ್ಳುವ ಸರ್ಕಾರ, ನಷ್ಟದ ತ್ರೈಮಾಸಿಕದಲ್ಲಿ ಹಾಲು ತುಂಬಿಸಿಕೊಡುವುದಿಲ್ಲ. ಇದು ಸಾರ್ವಜನಿಕ ವಲಯದ ಕಂಪನಿಗೂ ಅನ್ವಯಿಸುವ ಮಾತು.

ಇಂಥ ಏರಿಳಿತ ಈ ಕಂಪನಿಗೆ ಹೊಸದೂ ಅಲ್ಲ. ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಆದಿತ್ಯ ಬಿರ್ಲಾ ಸಮೂಹದ ಜಂಟಿ ಉದ್ಯಮವಾಗಿ 1988ರಲ್ಲಿ ನೋಂದಣಿಯಾದ ಎಂಆರ್‌ಪಿಎಲ್, 1996ರಲ್ಲಿ ಉತ್ಪಾದನೆ ಆರಂಭಿಸಿ 1999ರ ಹೊತ್ತಿಗೆ ಸಾಮರ್ಥ್ಯವನ್ನು 96.9 ಲಕ್ಷ ಟನ್‌ಗೆ ಏರಿಸಿಕೊಂಡಿತು. ವಿಸ್ತರಣೆಗೆ ತಂದ ಸಾಲದ ಬಡ್ಡಿ ಒಂದು ಕಡೆ, ತೆಳುವಾದ ಅಂತರ ಇನ್ನೊಂದು ಕಡೆ. ನಡುವೆ ಸಿಕ್ಕ ಕಂಪನಿ ಕೆಲವೇ ವರ್ಷಗಳಲ್ಲಿ ಮುಳುಗುವ ಸ್ಥಿತಿಗೆ ಬಂತು. 2003ರ ಮಾರ್ಚ್‌ನಲ್ಲಿ, ಸುಬೀರ್ ರಾಹಾ ಅವರು ಮುಖ್ಯಸ್ಥರಾಗಿದ್ದ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ, ಬಿರ್ಲಾ ಸಮೂಹದ ಪಾಲನ್ನು ಷೇರಿಗೆ 2 ರೂಪಾಯಿಯಂತೆ ಕೊಂಡುಕೊಂಡಿತು. ಹತ್ತು ರೂಪಾಯಿ ಮುಖಬೆಲೆಯ ಷೇರು ಎರಡು ರೂಪಾಯಿಗೆ! ಆಮೇಲೆ 600 ಕೋಟಿ ರೂಪಾಯಿಯ ಹೊಸ ಬಂಡವಾಳ ಹಾಕಿ, ಸಾಲವನ್ನು ಪುನರ್ರಚಿಸಿ, ಕಂಪನಿಯನ್ನು ಎತ್ತಿ ನಿಲ್ಲಿಸಿತು. ಇಂದು ಒಎನ್‌ಜಿಸಿ ಕೈಯಲ್ಲಿ 71.63 ಪ್ರತಿಶತ, ಹಿಂದೂಸ್ತಾನ್ ಪೆಟ್ರೋಲಿಯಂ ಕೈಯಲ್ಲಿ 16.96 ಪ್ರತಿಶತ ಷೇರುಗಳಿವೆ. ಉಳಿದ ಹನ್ನೊಂದು ಚಿಲ್ಲರೆ ಪ್ರತಿಶತದಲ್ಲಿ ನಿಮ್ಮಂಥವರೂ ಇದ್ದೀರಿ. ಆ ನಂತರವೂ 2014-15ರಲ್ಲಿ ಕಚ್ಚಾ ತೈಲ ನೂರು ಡಾಲರ್‌ನಿಂದ ಐವತ್ತರ ಕೆಳಗೆ ಬಿದ್ದಾಗ 1,712 ಕೋಟಿ ನಷ್ಟ, 2016-17ರಲ್ಲಿ 3,644 ಕೋಟಿ ಲಾಭ, 2019-20ರಲ್ಲಿ ಮತ್ತೆ 2,708 ಕೋಟಿ ನಷ್ಟ. ಆದ್ದರಿಂದ 3,596 ಆಗಲಿ 51 ಆಗಲಿ, ಯಾವುದೋ ಒಂದು ವರ್ಷದ ಅಂಕಿಯನ್ನು ಹಿಡಿದು ಈ ಕಂಪನಿ ಒಳ್ಳೆಯದು ಅಥವಾ ಕೆಟ್ಟದ್ದು ಎಂದು ತೀರ್ಮಾನಿಸುವುದು ತಪ್ಪು. ಕನಿಷ್ಠ ಏಳೆಂಟು ವರ್ಷಗಳ ಸರಾಸರಿಯನ್ನು ನೋಡಬೇಕು.

ಇನ್ನು ಬೊಕ್ಕಸದ ಕೊಡುಗೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಇಂಧನ ಕಂಪನಿಗಳ ಜಾಹೀರಾತುಗಳಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ಅಂಕಿ ಇದೇ. ಅಂಕಿ ಸುಳ್ಳಲ್ಲ. ಅದನ್ನು ಕೊಡುವವರು ಯಾರು ಎಂಬುದು ಪ್ರಶ್ನೆ. ರಿಫೈನರಿಯ ಗೇಟಿನಿಂದ ಡೀಸೆಲ್ ಹೊರಬೀಳುವಾಗ ಲೀಟರಿಗೆ ಇಷ್ಟು ಎಂದು ಕೇಂದ್ರ ಅಬಕಾರಿ ಸುಂಕ ಕಟ್ಟಬೇಕು. ಆ ಸುಂಕವನ್ನು ಬೆಲೆಗೆ ಸೇರಿಸಿ ತೈಲ ಮಾರಾಟ ಕಂಪನಿಗಳಿಂದ ವಸೂಲು ಮಾಡಲಾಗುತ್ತದೆ, ಅವರು ಬಂಕಿನವರಿಂದ, ಬಂಕಿನವರು ನಿಮ್ಮಿಂದ ಪಡೆಯುತ್ತಾರೆ. ವಾರ್ಷಿಕ ವರದಿಯ ಲಾಭನಷ್ಟದ ಪಟ್ಟಿಯನ್ನು ತೆರೆದರೆ, ವಹಿವಾಟಿನೊಳಗೆ ಈ ಸುಂಕವೂ ಸೇರಿದ್ದು, ಖರ್ಚಿನ ಬದಿಗೆ ಅಬಕಾರಿ ಸುಂಕ ಎಂಬ ಸಾಲಿನಲ್ಲಿ ಅದೇ ಮೊತ್ತ ಹೊರಹೋಗಿರುವುದು ಕಾಣುತ್ತದೆ. ಬಲಗೈಯಲ್ಲಿ ಬಂದದ್ದು ಎಡಗೈಯಲ್ಲಿ ಹೋಗಿದೆ. ಕಂಪನಿ ಇಲ್ಲಿ ವಸೂಲಿಯ ಕಟ್ಟೆ ಮಾತ್ರ.

ಇದಕ್ಕೆ ಕೋವಿಡ್ ವರ್ಷಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 2020ರ ಮೇ ತಿಂಗಳಲ್ಲಿ ಕೇಂದ್ರವು ಅಬಕಾರಿ ಸುಂಕವನ್ನು ಪೆಟ್ರೋಲಿಗೆ ಲೀಟರಿಗೆ 32.98 ರೂಪಾಯಿಗೂ ಡೀಸೆಲಿಗೆ 31.83 ರೂಪಾಯಿಗೂ ಏರಿಸಿತು. ಎಂಆರ್‌ಪಿಎಲ್ ಆ ಹಣಕಾಸು ವರ್ಷವನ್ನು ನಷ್ಟದಲ್ಲೇ ಮುಗಿಸಿತು. ಕಂಪನಿ ನಷ್ಟದಲ್ಲಿರುವಾಗ ಅದು ಮಾರಿದ ಪ್ರತಿ ಲೀಟರಿನ ಕೊಡುಗೆ ಹಿಂದಿಗಿಂತ ಹೆಚ್ಚಾಯಿತು ಎಂದರೆ, ಆ ಕೊಡುಗೆಯ ಮೂಲ ಕಂಪನಿಯ ದಕ್ಷತೆಯಲ್ಲಿಲ್ಲ, ಸ್ಕೂಟರಿಗೆ ಪೆಟ್ರೋಲ್ ಹಾಕಿಸುವವರ ಜೇಬಿನಲ್ಲಿದೆ ಎಂದೇ ಅರ್ಥ.

ಆ ಹಣದಲ್ಲಿ ಕರ್ನಾಟಕಕ್ಕೆ ಬರುವುದೆಷ್ಟು? 2025ರ ಏಪ್ರಿಲ್‌ನಲ್ಲಿ ಎರಡು ರೂಪಾಯಿ ಏರಿಸಿದ ಬಳಿಕ ಡೀಸೆಲಿನ ಮೇಲಿನ ಕೇಂದ್ರ ಸುಂಕ ಲೀಟರಿಗೆ 17.80 ರೂಪಾಯಿ ಆಗಿತ್ತು. ಇದರಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಅಬಕಾರಿ ಸುಂಕ 1.80 ರೂಪಾಯಿ ಮಾತ್ರ. ಮಿಕ್ಕದ್ದು ಸೆಸ್ ಮತ್ತು ವಿಶೇಷ ಸುಂಕಗಳ ರೂಪದಲ್ಲಿ ಕೇಂದ್ರದಲ್ಲೇ ಉಳಿಯುತ್ತದೆ. 2025-26ರವರೆಗೆ ಜಾರಿಯಲ್ಲಿದ್ದ ಹದಿನೈದನೆಯ ಹಣಕಾಸು ಆಯೋಗದ ಸೂತ್ರದಂತೆ ಹಂಚಿಕೆಯ ಮೊತ್ತದಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ 41 ಪ್ರತಿಶತ, ಅದರಲ್ಲಿ ಕರ್ನಾಟಕದ ಪಾಲು 3.647 ಪ್ರತಿಶತ ಇತ್ತು. ಗುಣಿಸಿ ನೋಡಿ: 17.80 ರೂಪಾಯಿಯಲ್ಲಿ ನಮ್ಮ ರಾಜ್ಯಕ್ಕೆ ಈ ದಾರಿಯಿಂದ ಆಗ ಮರಳುತ್ತಿದ್ದದ್ದು ಮೂರು ಪೈಸೆಗೂ ಕಡಿಮೆ. ಕಂಪನಿ ಕಟ್ಟುವ ಆದಾಯ ತೆರಿಗೆಯ ಕಥೆಯೂ ಇದೇ ಸೂತ್ರದ್ದು. ಮೇಲ್ತೆರಿಗೆಗಳನ್ನು ಬಿಟ್ಟು ನೂರು ರೂಪಾಯಿ ಕಟ್ಟಿದರೆ ಆ ಸೂತ್ರದಂತೆ ಕರ್ನಾಟಕಕ್ಕೆ ಬರುತ್ತಿದ್ದದ್ದು ಒಂದೂವರೆ ರೂಪಾಯಿ.

ರಾಜ್ಯಕ್ಕೆ ನಿಜವಾಗಿ ದೊಡ್ಡ ಮೊತ್ತ ತರುವುದು ಪೆಟ್ರೋಲ್, ಡೀಸೆಲ್ ಮೇಲಿನ ಮಾರಾಟ ತೆರಿಗೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲಿನ ತೆರಿಗೆಯನ್ನು 25.92ರಿಂದ 29.84 ಪ್ರತಿಶತಕ್ಕೆ ಏರಿಸಿತು. ಡೀಸೆಲಿನದು 2025ರ ಏಪ್ರಿಲ್‌ನಲ್ಲಿ 21.17 ಪ್ರತಿಶತವಾಯಿತು. ಆದರೆ ಈ ತೆರಿಗೆ ಹುಟ್ಟುವುದು ಇಂಧನ ಮಾರಾಟವಾಗುವ ರಾಜ್ಯದಲ್ಲಿ, ತಯಾರಾಗುವ ಊರಿನಲ್ಲಲ್ಲ. ಮಂಗಳೂರಿನ ಡೀಸೆಲ್ ಕಾಸರಗೋಡಿನ ಬಂಕಿಗೆ ಹೋದರೆ ಅಲ್ಲಿನ ಮಾರಾಟ ತೆರಿಗೆ ಕೇರಳಕ್ಕೆ ಸೇರುತ್ತದೆ. ಹಡಗೇರಿ ವಿದೇಶಕ್ಕೆ ಹೋದರೆ ಇಂಥ ತೆರಿಗೆಯೇ ಇಲ್ಲ. ಕುತ್ತೆತ್ತೂರಿನಲ್ಲಿ ರಿಫೈನರಿ ಇಲ್ಲದೇ ಹೋಗಿದ್ದರೂ ಕೊಚ್ಚಿಯಿಂದಲೋ ಚೆನ್ನೈಯಿಂದಲೋ ಡೀಸೆಲ್ ಬರುತ್ತಿತ್ತು, ಕರ್ನಾಟಕಕ್ಕೆ ಈ ಹಣ ಹೆಚ್ಚುಕಡಿಮೆ ಹೀಗೆಯೇ ಸಿಗುತ್ತಿತ್ತು. ಕೊಡುಗೆ ಎಂಬ ಪದವನ್ನು ಬಳಸುವ ಮೊದಲು, ಇದು ಇಲ್ಲದಿದ್ದರೆ ಏನು ಇರುತ್ತಿರಲಿಲ್ಲ ಎಂದು ಕೇಳಿಕೊಳ್ಳುವುದು ಅರ್ಥಶಾಸ್ತ್ರದ ಸರಳ ಪರೀಕ್ಷೆ. ಅಬಕಾರಿ ಮತ್ತು ಮಾರಾಟ ತೆರಿಗೆಗಳು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ.

ಪಾಸಾಗುವುದು ಯಾವುದು? ನನ್ನ ದೃಷ್ಟಿಯಲ್ಲಿ ಮೊದಲನೆಯದು ನವಮಂಗಳೂರು ಬಂದರು. 1975ರಲ್ಲಿ ಉದ್ಘಾಟನೆಯಾದ ಆ ಬಂದರಿಗೆ ದೀರ್ಘಕಾಲ ಆಧಾರವಾಗಿದ್ದದ್ದು ಕುದುರೆಮುಖದ ಅದಿರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಾಗ ಬಂದರು ಸೊರಗದೆ ಉಳಿದದ್ದು ಕಚ್ಚಾ ತೈಲದ ಆಮದು ಮತ್ತು ಸಂಸ್ಕರಿತ ಇಂಧನದ ಸಾಗಣೆಯಿಂದ. ಇವತ್ತಿಗೂ ಬಂದರಿನ ಸರಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲಿಯಂ ಬಾಬತ್ತಿನದೇ. ಬಂದರಿನೊಳಕ್ಕೆ ಬರಲಾಗದ ಭಾರೀ ಹಡಗುಗಳಿಂದ ಕಡಲ ನಡುವೆಯೇ ತೈಲ ಇಳಿಸಿಕೊಳ್ಳಲು 2013ರಲ್ಲಿ ಕರಾವಳಿಯಿಂದ ಸುಮಾರು 16 ಕಿಲೋಮೀಟರ್ ದೂರದಲ್ಲಿ ತೇಲುವ ಲಂಗರು ಕಟ್ಟೆಯೊಂದು ಸಿದ್ಧವಾಯಿತು. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ದೇಶದ ತುರ್ತು ದಾಸ್ತಾನಿನ ಭೂಗತ ಗುಹೆಗಳನ್ನು ಈ ಭಾಗದಲ್ಲಿ ಕೊರೆಯಲು ಸಮೀಪದಲ್ಲೇ ರಿಫೈನರಿ ಇದ್ದದ್ದೂ ಒಂದು ಅನುಕೂಲವೇ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ದೇವನಗೊಂತಿಗೆ ಹೋಗುವ ಸುಮಾರು 360 ಕಿಲೋಮೀಟರ್‌ನ ಕೊಳವೆ ಮಾರ್ಗ 2003ರಿಂದ ಕೆಲಸ ಮಾಡುತ್ತಿದೆ. ಅದಿಲ್ಲದಿದ್ದರೆ ಅಷ್ಟೂ ಇಂಧನ ಟ್ಯಾಂಕರುಗಳಲ್ಲಿ ಶಿರಾಡಿ ಘಾಟಿ ಹತ್ತಬೇಕಿತ್ತು. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಬಸ್ಸಿನೊಳಗೆ ಕೂತು ಕಾದವರಿಗೆ ಈ ಕೊಳವೆಯ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

ವಿದೇಶಿ ವಿನಿಮಯದ ವಿಷಯದಲ್ಲಿ ಮಾತು ತೂಗಿ ಆಡಬೇಕು. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ 85 ಪ್ರತಿಶತಕ್ಕೂ ಹೆಚ್ಚು ಹೊರಗಿನಿಂದಲೇ ಬರುತ್ತದೆ. ರಿಫೈನರಿ ಅದನ್ನು ತಪ್ಪಿಸುವುದಿಲ್ಲ. ಸಿದ್ಧ ಡೀಸೆಲನ್ನೇ ಆಮದು ಮಾಡಿಕೊಂಡಿದ್ದರೆ ಬೇರೆಯವರಿಗೆ ಹೋಗುತ್ತಿದ್ದ ಸಂಸ್ಕರಣೆಯ ಅಂತರವನ್ನು ಅದು ದೇಶದೊಳಗೆ ಉಳಿಸುತ್ತದೆ, ರಫ್ತು ಮಾಡಿದಾಗ ಅದೇ ಅಂತರವನ್ನು ಗಳಿಸಿ ತರುತ್ತದೆ. 2007ರಿಂದ ಹಲವು ವರ್ಷ ಮಾರಿಷಸ್ ದ್ವೀಪದ ವಾಹನಗಳು ಓಡಿದ್ದು ಮಂಗಳೂರಿನಿಂದ ಹೋದ ಇಂಧನದಿಂದ. ಹದಿನೈದು ಸಾವಿರ ಕೋಟಿಯ ಆಸುಪಾಸಿನ ಮೂರನೆಯ ಹಂತದ ವಿಸ್ತರಣೆಯ ಜೊತೆಗೆ ಬಂದ ಪಾಲಿಪ್ರೊಪಿಲೀನ್ ಘಟಕವನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕು: ಪ್ಲಾಸ್ಟಿಕ್ ಕುರ್ಚಿಗೂ ಸಿಮೆಂಟ್ ಚೀಲಕ್ಕೂ ಬೇಕಾದ ಹರಳು ಇಲ್ಲಿಯೇ ತಯಾರಾಗುತ್ತದೆ. ಅದನ್ನು ಕೊಂಡು ಚೀಲ ನೇಯುವ, ಕುರ್ಚಿ ಎರೆಯುವ ಸಣ್ಣ ಕಾರ್ಖಾನೆಗಳು ಹತ್ತಿರದಲ್ಲಿ ಎಷ್ಟು ಬೆಳೆಯುತ್ತವೆ ಎಂಬುದರ ಮೇಲೆ ಜಿಲ್ಲೆಗೆ ಸಿಗುವ ಲಾಭ ನಿಂತಿದೆ.

ಉದ್ಯೋಗದ ವಿಷಯದಲ್ಲಿ ಹೆಚ್ಚು ನಿರೀಕ್ಷೆ ಬೇಡ. ಲಕ್ಷ ಕೋಟಿ ವಹಿವಾಟಿನ ಈ ಕಂಪನಿಯಲ್ಲಿ ಕಾಯಂ ನೌಕರರು ಎರಡೂವರೆ ಸಾವಿರದ ಆಸುಪಾಸು. ರಿಫೈನರಿ ಎಂದರೆ ಬಂಡವಾಳ ನುಂಗುವ ಉದ್ಯಮ, ಕೈಗಳನ್ನು ಬೇಡುವ ಉದ್ಯಮವಲ್ಲ. ಗುತ್ತಿಗೆ ಕೆಲಸ, ಸಾಗಣೆ, ಕ್ಯಾಂಟೀನು, ಭದ್ರತೆ ಇವುಗಳಲ್ಲಿ ಇನ್ನಷ್ಟು ಮಂದಿಗೆ ಅನ್ನ ಸಿಗುತ್ತದೆ. ಘಟಕಗಳನ್ನು ಸರದಿಯ ಮೇಲೆ ನಿಲ್ಲಿಸಿ ದುರಸ್ತಿ ಮಾಡುವ ಶಟ್‌ಡೌನ್ ದಿನಗಳಲ್ಲಿ ಹೊರರಾಜ್ಯಗಳ ವೆಲ್ಡರುಗಳು, ಫಿಟ್ಟರುಗಳು ಬಂದಿಳಿದು ಸುರತ್ಕಲ್, ಕಾಟಿಪಳ್ಳದ ಬಾಡಿಗೆ ಕೋಣೆಗಳೆಲ್ಲ ತುಂಬುವುದನ್ನು ನೀವೇ ಕಂಡಿರಬಹುದು. ಆ ಹಣ ಊರಿನಲ್ಲಿ ನಿಜವಾಗಿ ಕೈಬದಲಾಗುತ್ತದೆ, ಆದರೆ ಕೆಲವೇ ವಾರ.

ಎದುರು ಬದಿಯ ಲೆಕ್ಕವನ್ನೂ ಬರೆಯದಿದ್ದರೆ ಉತ್ತರ ಅರ್ಧವಾಗುತ್ತದೆ. ನೀರು ಅದರಲ್ಲಿ ಮೊದಲನೆಯದು. 2012ರ ಬೇಸಿಗೆಯಲ್ಲಿ ನೇತ್ರಾವತಿ ಬತ್ತಿದಾಗ ರಿಫೈನರಿ ನಿಲ್ಲಬೇಕಾಯಿತು. 2016 ಮತ್ತು 2019ರಲ್ಲೂ ಅಂಥದ್ದೇ ತೊಂದರೆ ಮರುಕಳಿಸಿತು. ಒಂದೇ ನದಿಗೆ ನಗರವೂ ಕಾರ್ಖಾನೆಯೂ ಬಾಯಿ ಹಾಕಿದಾಗ ನಿಂತ ದಿನಗಳ ನಷ್ಟ ಕಂಪನಿಯ ಲೆಕ್ಕದಲ್ಲಿ ಕಾಣುತ್ತದೆ, ನಲ್ಲಿಯಲ್ಲಿ ನೀರು ಬಾರದ ಮನೆಗಳ ನಷ್ಟ ಕಾಣುವುದಿಲ್ಲ. ತಣ್ಣೀರುಬಾವಿಯಲ್ಲಿ ದಿನಕ್ಕೆ ಮೂರು ಕೋಟಿ ಲೀಟರ್ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವನ್ನು ಕಂಪನಿ ಕಟ್ಟಿಕೊಂಡಿದೆ, ನಗರದ ಸಂಸ್ಕರಿಸಿದ ಕೊಳಚೆ ನೀರನ್ನೂ ಬಳಸುತ್ತಿದೆ. ಖರ್ಚು ಹೆಚ್ಚಾದರೂ ಇದು ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಕುತ್ತೆತ್ತೂರು, ಪೆರ್ಮುದೆ, ಕಳವಾರು ಭಾಗದಲ್ಲಿ ಹೋದ ಗದ್ದೆ ತೋಟಗಳು, ಜೋಕಟ್ಟೆಯ ಜನ ಪೆಟ್‌ಕೋಕ್ (ಸಂಸ್ಕರಣೆಯಲ್ಲಿ ಕೊನೆಗೆ ಉಳಿಯುವ ಇದ್ದಿಲಿನಂಥ ಪದಾರ್ಥ) ಧೂಳಿನ ವಿರುದ್ಧ ನಡೆಸಿದ ಹೋರಾಟ, ಸ್ಥಳೀಯರ ನೇಮಕದ ಬಗ್ಗೆ ಮತ್ತೆ ಮತ್ತೆ ಏಳುವ ತಕರಾರು, ಇವು ಯಾವುದೂ ಲಾಭನಷ್ಟದ ಪಟ್ಟಿಯಲ್ಲಿ ಸಾಲಾಗಿ ಬರುವುದಿಲ್ಲ. ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಲೇಡಿಗೋಶನ್ ಆಸ್ಪತ್ರೆಗೆ ಹೊಸ ಕಟ್ಟಡ ಬಂದದ್ದು ಜಿಲ್ಲೆಯ ಬಡ ಬಾಣಂತಿಯರಿಗೆ ದೊಡ್ಡ ಉಪಕಾರವೇ ಸರಿ. ಆದರೆ 2013ರ ಕಂಪನಿ ಕಾಯ್ದೆಯಂತೆ ಈ ನಿಧಿಗೆ ತೆಗೆದಿಡಬೇಕಾದದ್ದು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಎರಡು ಪ್ರತಿಶತ. ದೊಡ್ಡ ನಷ್ಟದ ವರ್ಷವೊಂದು ಆ ಸರಾಸರಿಯೊಳಗೆ ಸೇರಿದರೆ ಕಾನೂನಿನ ಕಡ್ಡಾಯ ಶೂನ್ಯಕ್ಕೆ ಇಳಿಯಬಹುದು. ಧೂಳು ಮತ್ತು ನೀರಿನ ಸಮಸ್ಯೆಗಳಿಗೆ ಅಂಥ ರಜೆ ಇಲ್ಲ.

ನಿಮ್ಮ ಷೇರುಗಳ ಬಗ್ಗೆ ಕೊನೆಯದಾಗಿ ಒಂದಿಷ್ಟು. 2023-24ಕ್ಕೆ ಕಂಪನಿ ಷೇರಿಗೆ ಒಟ್ಟು 3 ರೂಪಾಯಿ ಲಾಭಾಂಶ ಕೊಟ್ಟಿತು. ಒಟ್ಟು 175 ಕೋಟಿ ಷೇರುಗಳಿರುವುದರಿಂದ ಇದು ಸುಮಾರು 526 ಕೋಟಿ ರೂಪಾಯಿ. ಅದರಲ್ಲಿ 376 ಕೋಟಿಯಷ್ಟು ಒಎನ್‌ಜಿಸಿಗೆ, ಅಲ್ಲಿಂದ ಒಂದು ಭಾಗ ಕೇಂದ್ರ ಸರ್ಕಾರಕ್ಕೆ. ಕಂಪನಿಯು ತನ್ನ ಗಳಿಕೆಯಿಂದಲೇ ಕೊಟ್ಟ ಕೊಡುಗೆ ಎಂದು ನಾನು ಒಪ್ಪುವುದು ಈ ಲಾಭಾಂಶವನ್ನೂ ಆದಾಯ ತೆರಿಗೆಯನ್ನೂ. ಮುಂದಿನ ತ್ರೈಮಾಸಿಕದ ಫಲಿತಾಂಶ ಪತ್ರಿಕೆಯಲ್ಲಿ ಬಂದಾಗ ಲಾಭದ ಶೀರ್ಷಿಕೆಯನ್ನು ಬದಿಗಿಟ್ಟು, ಬ್ಯಾರೆಲ್‌ಗೆ ಸಿಕ್ಕ ಅಂತರವನ್ನು ಮೊದಲು ಹುಡುಕಿ. ಅದರಲ್ಲಿ ದಾಸ್ತಾನಿನಿಂದ ಬಂದದ್ದೆಷ್ಟು ಎಂದು ಕಂಪನಿ ತಿಳಿಸಿದ್ದರೆ ಅದನ್ನು ಕಳೆದುಬಿಡಿ. ಆಮೇಲೆ ಸಾಲದ ಮೊತ್ತ ಹಿಂದಿನ ವರ್ಷಕ್ಕಿಂತ ಇಳಿದಿದೆಯೇ ನೋಡಿ. ಅಂತರ ಚೆನ್ನಾಗಿದ್ದ ವರ್ಷಗಳಲ್ಲಿ ಸಾಲ ಇಳಿಸಿಕೊಂಡ ರಿಫೈನರಿಗೆ ಕೆಟ್ಟ ವರ್ಷವನ್ನು ತಾಳಿಕೊಳ್ಳುವ ಶಕ್ತಿ ಇರುತ್ತದೆ. 2003ಕ್ಕೆ ಮೊದಲು ಈ ಕಂಪನಿಗೆ ಇಲ್ಲದೆ ಹೋದದ್ದು ಆ ಶಕ್ತಿಯೇ.